ಪಟ್ಟದ ಆವು ನೆಕ್ಕಿದ ಗೋಡೆ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಅಪ್ಪನಿಂದ ಬಂದ ಜೇಬುಗಡಿಯಾರಕ್ಕೆ ಕೀಲಿ ಕೊಡುತ್ತಾ ಕೆಂಚತ್ತೆಯ ಮನೆಯ ಜಗಲಿಯಲ್ಲಿ ಕೂತಿದ್ದೆ. ಅದಕ್ಕೇ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ದೇವರ ದನಗಳ ದೊಡ್ಡಿಯ ಕಡೆಯಿಂದ ಅದರ ಕಾವಲಿನ ಮಲ್ಲ ತಾತ ಓಡಿ ಬಂದ. ಎಪ್ಪತ್ತು ದಾಟಿದ ಆ ಮನುಷ್ಯ ಓಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಪಟ್ಟದಾವು ಏಳ್ತಿಲ್ಲ ಕಣೋ ರಂಗಾ. ಬಾಯಾಗೆ ಜೊಲ್ಲು ಸುರೀತೈತೆ. ಹಿಂದೆ ರಕ್ತ ಹೋಗ್ತೈತೆ. ಗೌಡ್ರು ಎದ್ದವ್ರಾ ನೋಡು, ಓಡು.”

ನಾನು ಓಡಲಿಲ್ಲ. ಅವನು ಹೇಳುತ್ತಿದ್ದದ್ದು ಗೂಳಿಯ ವಿಷಯ. ನನ್ನ ಕಣ್ಣ ಮುಂದೆ ನಿಂತದ್ದು ನಾನು ಹಳದಿ ಬಣ್ಣ ಕಲಸಿದ ಬೋಗುಣಿ.

ಚಿತ್ರದ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ನನ್ನನ್ನು ಬೇರೆ ಸಂಗತಿಗಳನ್ನು ಕೇಳುತ್ತಾರೆ. ಯಾವ ಮಹಲಿಗೆ ಬರೆದಿರಿ, ಯಾವ ಜಮೀನ್ದಾರರು ಶಾಲು ಹೊದಿಸಿದರು, ಮೈಸೂರು ಕಡೆಗೆ ಹೇಗೆ ಹೋದಿರಿ ಎಂದು. ಅವೆಲ್ಲ ಆದವು, ಅವುಗಳಿಂದ ನಿಮಗೆ ಉಪಯೋಗವಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ನನ್ನನ್ನು ಎಬ್ಬಿಸುವುದು ಆ ಗೋಡೆ ಒಂದೇ. ಅದನ್ನೇ ಬರೆಯುತ್ತೇನೆ.

ನಾನು ಕಂಬಂ ಕಣಿವೆಯವನು. ನಮ್ಮವರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಇಳಿದು ಬಂದ ಒಕ್ಕಲಿಗರು. ಮನೆಯೊಳಗೆ ಕನ್ನಡ, ಬಾಗಿಲ ಆಚೆ ತಮಿಳು. ಕನ್ನಡ ಬರೆಯಲು ನಾನು ಕಲಿತದ್ದು ಬಹಳ ತಡವಾಗಿ. ಮದುರೆಯ ಕಾಲೇಜಿನಲ್ಲಿ ಎಫ್.ಎ. ತನಕ ಓದಿ, ಗುಮಾಸ್ತನಾಗಲು ಮನಸ್ಸಿಲ್ಲದೆ, ದಿಂಡುಗಲ್ಲಿನ ಮುತ್ತಾಚಾರಿ ಎಂಬ ಚಿತ್ರಗಾರರ ಬಳಿ ಸೇರಿಕೊಂಡೆ. ಬೆಟ್ಟದ ಮೇಲೆ ಅಣೆ ಕಟ್ಟುತ್ತಿದ್ದ ಕಾಲ ಅದು. ಸುಣ್ಣದ ಗಾಡಿಗಳು ಸಾಲುಸಾಲಾಗಿ ನಮ್ಮೂರ ಮೇಲೆ ಹೋಗುತ್ತಿದ್ದವು, ಧೂಳು ಮಾತ್ರ ನಮಗೆ ಉಳಿಯುತ್ತಿತ್ತು.

ಮೊದಲ ಒಂದೂವರೆ ವರ್ಷ ಆಚಾರಿಯವರು ನನಗೆ ಕುಂಚ ಕೊಡಲಿಲ್ಲ. ಬಣ್ಣ ಅರೆಯುವುದು, ಗಾರೆ ನುಣುಪು ಮಾಡುವುದು, ಕಾವಿಯಲ್ಲಿ ಅದ್ದಿದ ನೂಲನ್ನು ಗೋಡೆಗೆ ಬಿಗಿಹಿಡಿದು ಬಡಿದು ಗೆರೆ ಹಾಕುವುದು, ಇಷ್ಟೇ. ಅವರಿಗೆ ಒಂದಿಷ್ಟು ಕಟ್ಟಳೆಗಳಿದ್ದವು, ಯಾವುದಕ್ಕೂ ಕಾರಣ ಹೇಳುತ್ತಿರಲಿಲ್ಲ. ಕುಂಚವನ್ನು ತುಟಿಗೆ ತಾಗಿಸಿ ಮೊನೆ ಮಾಡಬಾರದು, ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ತಿರುಗಿಸಿ ಮಾಡಬೇಕು. ಹರಿದಳದ ಹಳದಿ ಕಲ್ಲನ್ನು ಅರೆದು ಏಳು ನೀರಿನಲ್ಲಿ ತೊಳೆಯಬೇಕು. ದನ ಕಟ್ಟುವ ಕಡೆ ಗೋಡೆಗೆ ಬರೆಯುವಾಗ ಬೇಲದ ಅಂಟಿಗೆ ಬೇವಿನ ತೊಗಟೆಯ ಕಷಾಯ ಸೇರಿಸಬೇಕು. “ಯಾಕೆ ಅಯ್ಯಾ?” ಎಂದು ಒಮ್ಮೆ ಕೇಳಿದ್ದೆ. “ತಂಬಿ, ಕಾಲೇಜಿನಲ್ಲಿ ಕೇಳು. ಇಲ್ಲಿ ಅರೆ,” ಎಂದಿದ್ದರು ತಮಿಳಿನಲ್ಲಿ. ಹುಳ ಹಿಡಿಯಬಾರದೆಂದು ಬೇವು ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ನಮ್ಮೂರ ಕೆಲಸ ಬಂದಾಗ ಆಚಾರಿಯವರಿಗೆ ಪೆರಿಯಕುಳದಲ್ಲಿ ಬೇರೆ ಕೆಲಸವಿತ್ತು. “ನಿನ್ನ ಊರು, ನೀನೇ ಬರೆ,” ಎಂದು ನನ್ನನ್ನು ಒಬ್ಬನನ್ನೇ ಕಳಿಸಿದರು.

ನಮ್ಮವರಲ್ಲಿ ದೇವರ ಹೆಸರಿನ ದನಗಳ ಮಂದೆಯೊಂದು ಇರುತ್ತದೆ. ನಮ್ಮ ಮಾತಿನಲ್ಲಿ ಆವು ಎಂದರೆ ಹಸುವೂ ಹೌದು, ಗೂಳಿಯೂ ಹೌದು. ಆ ಮಂದೆಯ ಹಾಲು ಕರೆಯುವುದಿಲ್ಲ, ಹೆಗಲಿಗೆ ನೊಗ ಇಡುವುದಿಲ್ಲ. ಮಂದೆಗೆ ಒಂದು ಗೂಳಿ ದೊರೆ. ಅದು ಪಟ್ಟದ ಆವು. ಅದನ್ನು ಆರಿಸುವವರು ಮನುಷ್ಯರಲ್ಲ. ಹಳೆಯದು ತೀರಿಕೊಂಡ ಮೇಲೆ ಮಂದೆಯ ಮುಂದೆ ಕರ್ಪೂರ ಹಚ್ಚಿ ಕಬ್ಬು ಇಡುತ್ತಾರೆ. ಯಾವುದು ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಅಂದಿನಿಂದ ಅದರ ಮೈಮೇಲೆ ಹಗ್ಗ ಬೀಳಬಾರದು. ಹೊಡೆಯಬಾರದು, ಕಟ್ಟಬಾರದು, ಅಡ್ಡಗಟ್ಟಬಾರದು. ಅದು ಮನೆಯೊಳಗೆ ಬಂದು ರಾಗಿಯ ಮೊರಕ್ಕೆ ಬಾಯಿ ಹಾಕಿದರೂ ಕೈಮುಗಿದು ನಿಲ್ಲಬೇಕು.

ದೊಡ್ಡಿಯ ಹೊಸ ಗೋಡೆಯ ಮೇಲೆ ಪಟ್ಟದಾವಿನ ಚಿತ್ರ, ಅದರ ಮುಂದೆ ಕಬ್ಬು. ಇದು ದೊಡ್ಡ ಗೌಡರು ನನಗೆ ಒಪ್ಪಿಸಿದ ಕೆಲಸ. ಹನ್ನೊಂದು ದಿನ ಬರೆದೆ. ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ಮೊದಲ ಗೆರೆ, ಅದರ ಮೇಲೆ ಕಾವಿಯ ಗೆರೆ, ಆಮೇಲೆ ಮೈಬಣ್ಣ. ಆವಿನ ಡುಬ್ಬ ಮೂರು ಸಲ ತಪ್ಪಿತು, ಮೂರು ಸಲ ಸುಣ್ಣ ಬಳಿದು ಅಳಿಸಿದೆ. ಕಬ್ಬಿನ ಹೊತ್ತಿಗೆ ಕೈ ಪಳಗಿತ್ತು. ದಿಂಡುಗಲ್ಲಿನ ಅಂಗಡಿಯಲ್ಲಿ ಡಬ್ಬಿಯಲ್ಲಿ ಪುಡಿಯಾಗಿಯೇ ಬರುವ ಹೊಸ ಹರಿದಳ ತಂದಿದ್ದೆ. ಅರೆಯುವ ಕೆಲಸವಿಲ್ಲ, ತೊಳೆಯುವ ಕೆಲಸವಿಲ್ಲ, ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸುವ ಹಳದಿ. ಬೇವಿನ ಕಷಾಯ ಹಾಕಿ ನೋಡಿದೆ, ಹಳದಿ ಕೆಸರಾಯಿತು. ಚೆಲ್ಲಿದೆ. ಬೇವಿಲ್ಲದೆ ಬಳಿದರೆ ಆ ಒಣ ಗಾಳಿಗೆ ಬಣ್ಣ ಬಿರುಕು ಬಿಡುತ್ತಿತ್ತು. ಸಿಹಿ ಬೆರೆಸಿದರೆ ಬಣ್ಣ ಬಿರಿಯುವುದಿಲ್ಲವೆಂದು ಎಲ್ಲೋ ಓದಿದ್ದೆ. ಅತ್ತೆಯ ಮಡಕೆಯಿಂದ ಕರುಪ್ಪಟ್ಟಿ, ಎಂದರೆ ತಾಟಿಬೆಲ್ಲ, ತೆಗೆದು ಕರಗಿಸಿ ಅಂಟಿಗೆ ಧಾರಾಳವಾಗಿ ಸುರಿದೆ. ಕಬ್ಬು ಗೋಡೆಯಿಂದ ಮುರಿದುಕೊಳ್ಳಬಹುದು ಅನ್ನುವಂತೆ ಹೊಳೆಯಿತು.

ಬಣ್ಣ ಒಣಗಿದ ಸಂಜೆ ಪಟ್ಟದಾವು ತಾನಾಗಿ ಬಂತು. ಗೋಡೆಯ ಮುಂದೆ ನಿಂತು ಮೂಸಿತು. ನಾಲಗೆ ಚಾಚಿ ಕಬ್ಬನ್ನು ನೆಕ್ಕಿತು. ಮತ್ತೆ ನೆಕ್ಕಿತು. ಹೆಂಗಸರು ನಾಲಗೆ ಹೊರಳಿಸಿ ಮಂಗಳದ ಕೂಗು, ಕುಲವೆ, ಹಾಕಿದರು.

“ಬರೆದ ಕಬ್ಬಿಗೆ ಆವು ಬಾಯಿ ಹಾಕ್ತಲ್ಲೋ!” ಎಂದು ಮಲ್ಲ ತಾತ ಅಳುತ್ತಾ ನಗುತ್ತಿದ್ದ. ದೊಡ್ಡ ಗೌಡರು ಹೆಗಲ ಮೇಲಿನ ವಸ್ತ್ರ ತೆಗೆದು ನನಗೆ ಹೊದಿಸಿದರು.

ಆ ಆವು ಬಹಳ ಹೊತ್ತು ನೆಕ್ಕಿತು. ನಾನು ಕೈಕಟ್ಟಿಕೊಂಡು ನೋಡುತ್ತಾ ನಿಂತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಅದೇ: ಗೋಡೆಯ ಮೇಲೆ ಏರಿ ಇಳಿಯುವ ಆ ನಾಲಗೆ, ಪಕ್ಕದಲ್ಲಿ ಹಿಗ್ಗಿನಿಂದ ಉಬ್ಬಿ ನಿಂತ ನಾನು. ಅದು ನನ್ನ ಕಬ್ಬನ್ನು ಮೆಚ್ಚಿರಲಿಲ್ಲ, ಕರುಪ್ಪಟ್ಟಿಯನ್ನು ಮೆಚ್ಚಿತ್ತು.

ಮಾರನೆಯ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನನಗೆ ಎಲ್ಲವೂ ಒಟ್ಟಿಗೆ ಗೊತ್ತಾಯಿತು. ಹರಿದಳ ಪಾಷಾಣದ ಜಾತಿ, ನಂಜು. ಕಾಲೇಜಿನ ರಸಾಯನ ಪಾಠದಲ್ಲಿ ಅದನ್ನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಓದಿದ್ದು ಒಂದು ಕಡೆ, ಬೋಗುಣಿಯಲ್ಲಿ ಕಲಸಿದ್ದು ಇನ್ನೊಂದು ಕಡೆ ಇತ್ತು. ಎರಡೂ ಒಂದೇ ಎಂದು ಒಂದು ಕ್ಷಣವೂ ಹೊಳೆದಿರಲಿಲ್ಲ.

ದೊಡ್ಡಿಗೆ ಹೋದೆ. ಆವು ಕಾಲು ಮಡಚಿ ಬಿದ್ದಿತ್ತು, ಹೊಟ್ಟೆ ನಡುಗುತ್ತಿತ್ತು. ಹಲ್ಲು ಕಡಿಯುವ ಸದ್ದು ಹತ್ತು ಹೆಜ್ಜೆ ದೂರಕ್ಕೂ ಕೇಳುತ್ತಿತ್ತು. ಜೊಲ್ಲಿನಲ್ಲಿ ಹಳದಿ ಇತ್ತು. ನನಗೆ ಮಾತ್ರ ಕಂಡಿತೋ ಏನೋ, ಯಾರೂ ಅದರ ಮಾತೆತ್ತಲಿಲ್ಲ.

ದೊಡ್ಡ ಗೌಡರು ಬಂದು ಬಹಳ ಹೊತ್ತು ನೋಡಿದರು. ಮೆಲ್ಲಗೆ ಮಾತಾಡುವ ಮನುಷ್ಯ. ಅದಕ್ಕೇ ಎಲ್ಲರೂ ಹೆದರುತ್ತಿದ್ದರು.

“ನಿನ್ನೆ ಕಬ್ಬು ಮುಟ್ತು, ಇವತ್ತು ಬಿದ್ದೈತೆ. ಪಟ್ಟದ್ದು ಒಂದೇ ಮುಟ್ಟಿದ್ರೆ ಸಾಲ್ದು ಅಂತ ದೇವ್ರು ಕೇಳ್ತಾನೆ. ಬೆಟ್ಟದ ತಾವ ಮೇಯೋಕೆ ಹೋಗಿರೋ ಮಂದೆ ಇವತ್ತು ನಾಕು ಗಂಟೆಗೆ ಇಳೀತೈತೆ. ಎಲ್ಲಾನೂ ಗೋಡೆ ಮುಂದೆ ನಿಲ್ಸಿ ಕರ್ಪೂರ ಹಚ್ಚಣ. ಒಂದೊಂದೂ ಆ ಕಬ್ಬು ಮುಟ್ಟಲಿ. ಆಮ್ಯಾಕೆ ಇದು ಎದ್ದೇಳ್ತೈತೆ.”

ಎಲ್ಲರೂ ತಲೆದೂಗಿದರು. ಮಂದೆಯಲ್ಲಿ ನೂರರ ಮೇಲೆ ದನಗಳಿದ್ದವು.

ಆಗಲೇ ಹೇಳಬೇಕಿತ್ತು. ಗುಂಪಿನ ಹಿಂದಕ್ಕೆ ಸರಿದುಕೊಂಡೆ. ದೇವರ ಆವಿಗೆ ನಂಜಿಟ್ಟವನನ್ನು ನಮ್ಮವರು ಏನು ಮಾಡುತ್ತಾರೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದಕ್ಕಿಂತ ಸಣ್ಣ ತಪ್ಪಿಗೆ ಕುಲದಿಂದ ಹೊರಹಾಕಿದ ಮನೆಯೊಂದು ಊರಾಚೆ ಇತ್ತು. ಅದರ ಮಾಡು ಕುಸಿದರೂ ಕೈಹಚ್ಚಲು ಯಾರೂ ಹೋಗಿರಲಿಲ್ಲ. ಗಡಿಯಾರ ತೆಗೆದೆ. ಏಳು ಗಂಟೆ. ನಾಲ್ಕಕ್ಕೆ ಇನ್ನೂ ಒಂಬತ್ತು ಗಂಟೆ ಇದೆ, ಅಷ್ಟರಲ್ಲಿ ಏನಾದರೂ ಆಗುತ್ತದೆ ಎಂದುಕೊಂಡೆ. ಹೆದರಿದವನು ಹೀಗೇ ಲೆಕ್ಕ ಹಾಕುತ್ತಾನೆ.

ಏನೂ ಆಗಲಿಲ್ಲ. ಹನ್ನೊಂದೂಕಾಲಿಗೆ ಎಲ್ಲರೂ ಊಟದ ಕಡೆ ಹೋದಾಗ ಒದ್ದೆ ಬಟ್ಟೆ, ಬೋಗುಣಿ ಹಿಡಿದು ಗೋಡೆಯ ಹತ್ತಿರ ಹೋದೆ. ಕಳ್ಳನಂತೆ ಕಬ್ಬನ್ನು ಒರೆಸತೊಡಗಿದೆ. ಬೆಲ್ಲದ ಬಣ್ಣ ನೀರಿಗೆ ಬೇಗ ಬಿಟ್ಟಿತು. ಮೊಣಕೈ ತನಕ ಹಳದಿ ನೀರು ಇಳಿಯಿತು.

“ಏನು ಮಾಪ್ಳೆ, ದೇವ್ರ ಕಬ್ಬಿಗೆ ಸ್ನಾನ ಮಾಡಿಸ್ತೀಯಾ?”

ಕೆಂಚತ್ತೆ ನನಗಾಗಿ ಅನ್ನ ಹಿಡಿದು ಬಂದಿದ್ದಳು. ಅಪ್ಪನ ತಂಗಿ, ಚಿಕ್ಕಂದಿನಿಂದ ನನ್ನನ್ನು ಮಾಪ್ಳೆ, ಎಂದರೆ ಅಳಿಯ, ಎಂದೇ ಗೇಲಿ ಮಾಡಿ ಕರೆಯುವವಳು. ಅನ್ನವನ್ನು ಕೆಳಗಿಟ್ಟಳು, ಗೋಡೆಯನ್ನು ಹತ್ತಿರದಿಂದ ನೋಡಿದಳು. “ನನ್ನ ಕರುಪ್ಪಟ್ಟಿ ಮಡಕೆ ಯಾಕೆ ಬರಿದಾಯ್ತು ಅಂತಿದ್ದೆ,” ಎನ್ನುತ್ತಾ ಬೆರಳಿನಿಂದ ಹಳದಿಯನ್ನು ಒರೆಸಿಕೊಂಡು ಬಾಯಿಯ ಹತ್ತಿರ ತಂದಳು.

ನಾನು ಕೂಗಿದ್ದು ದೊಡ್ಡಿಯ ಆಚೆಗೂ ಕೇಳಿಸಿತಂತೆ. ಅವಳ ಕೈಯನ್ನು ಹಿಡಿದು ಎಳೆದೆ. ಬಳೆ ಒಡೆದು ಇಬ್ಬರ ಕೈಗೂ ಚುಚ್ಚಿತು.

“ಬಾಯಿಗಿಡಬ್ಯಾಡ ಅತ್ತೆ! ನಂಜು ಅದು. ನಂಜು.”

ಅವಳು ನನ್ನ ಮುಖ ನೋಡಿದಳು. ಬೆರಳು ನೋಡಿಕೊಂಡಳು. ತಿರುಗಿ, ಬಿದ್ದಿದ್ದ ಆವನ್ನು ನೋಡಿದಳು. ಎಲ್ಲ ಹೇಳಿಬಿಟ್ಟೆ: ಡಬ್ಬಿ, ಬೆಲ್ಲ, ಚೆಲ್ಲಿದ ಬೇವು. ಅವಳು ಬೆರಳನ್ನು ಮಣ್ಣಿಗೆ ತಿಕ್ಕುತ್ತಲೇ ಇದ್ದಳು.

“ನನ್ ಹತ್ರ ಹೇಳಿ ಏನು ಬಂತು? ನಾನೇನು ಮಂದೆ ನಿಲ್ಲಿಸ್ತೀನಾ? ನಡಿ ಗೌಡ್ರ ತಾವ.”

“ಕೊಂದ್ಬಿಡ್ತಾರೆ ಅತ್ತೆ.”

“ಕೊಲ್ಲಲಿ. ನೂರು ಆವು ಸತ್ ಮ್ಯಾಲೆ ಬದುಕಿ ನೀನೇನು ಬರೀತೀಯ? ನಡಿ. ನಾನೂ ಬರ್ತೀನಿ.”

ಗೌಡರ ಜಗಲಿಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ನಾನು ಹೇಳುತ್ತಾ ಹೋದಂತೆ ಒಬ್ಬೊಬ್ಬರೇ ಎದ್ದು ನಿಂತರು. ನನ್ನ ಹಿಂದೆ ಬಾಗಿಲ ಬಳಿ ಯಾರೋ ದೊಣ್ಣೆ ನೆಲಕ್ಕೆ ಊರಿದ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ಇಂದಿಗೂ ಬೆನ್ನ ಹಿಂದೆ ಕೋಲು ಊರಿದರೆ ನನ್ನ ಹೆಗಲು ಬಿಗಿಯುತ್ತದೆ.

“ಕಾಲೇಜಿಗೆ ಹೋಗಿ ಕಲ್ತಿದ್ದು ಇದೇನಾ? ಆವಿಗೆ ನಂಜಿಡೋದು?” ಎಂದಿತು ಹಿಂದಿನ ದನಿ.

“ಅವ್ನೇ ಬಂದು ಹೇಳ್ತವ್ನೆ. ನಿನ್ನ ದೊಣ್ಣೆ ಆಮ್ಯಾಕೆ ಎತ್ತು,” ಎಂದಳು ಅತ್ತೆ.

ಗೌಡರು ಇಬ್ಬರ ಮಾತನ್ನೂ ಕೇಳಿದಂತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ಅಂದ್ರೆ ನಿನ್ನೆ ದೇವ್ರು ಒಪ್ಪಲಿಲ್ಲ?”

ಆ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಹೊಡೆತಕ್ಕೆ ಸಿದ್ಧನಾಗಿದ್ದೆ. “ಇಲ್ಲ ಗೌಡ್ರೇ. ಬೆಲ್ಲಕ್ಕೆ ಬಂತು ಅದು.”

ಅವರ ಮುಖದಲ್ಲಿ ಏನೋ ಆರಿಹೋಯಿತು. ಆದರೆ ಮನುಷ್ಯ ಕೂಡಲೇ ಎದ್ದರು. ಮಂದೆಯನ್ನು ಹೊಳೆಯ ಆಚೆಯೇ ತಡೆಯಲು ಇಬ್ಬರು ಓಡಿದರು. ಗೋಡೆಯನ್ನು ಗಾರೆಯ ತನಕ ಕೆರೆದು ಆಳವಾಗಿ ಹೂಳಲು ನಾಲ್ವರು ಹೋದರು. “ಇದು ಬದುಕ್ಬೇಕಂದ್ರೆ ಏನ್ ಮರುಂದು?” ಎಂದು ನನ್ನನ್ನೇ ಕೇಳಿದರು.

ಪಾಷಾಣಕ್ಕೆ ಕಬ್ಬಿಣದ ಒಂದು ಗಸಿ ಮದ್ದು ಎಂದು ಪುಸ್ತಕದಲ್ಲಿ ಓದಿದ್ದೆ. ಅದನ್ನು ಮಾಡುವ ದ್ರವಗಳು ಮದುರೆಯ ಕಾಲೇಜಿನ ಗಾಜಿನ ಬೀರುವಿನಲ್ಲಿದ್ದವು. ನಮ್ಮ ಬಳಿ ಇದ್ದದ್ದು ಹಾಲು, ಗಂಜಿ, ಇದ್ದಿಲು. ಮನೆಮನೆಯಿಂದ ಹಾಲು ಬಂತು. ನಾನು ಚಿತ್ರಕ್ಕೆಂದು ಸುಟ್ಟಿಟ್ಟಿದ್ದ ಹುಣಸೆಯ ಇದ್ದಿಲನ್ನೇ ಅರೆದು ಹಾಲಿಗೆ ಕಲಸಿದೆವು. ಆದರೆ ಅದನ್ನು ಗೊಟ್ಟದಲ್ಲಿ ಕುಡಿಸಬೇಕು. ಬಿದಿರ ಕೊಳವೆ ಗಂಟಲಿಗೆ ಇಳಿಯಬೇಕಾದರೆ ತಲೆ ಎತ್ತಿ ಹಿಡಿದು ಕಟ್ಟಬೇಕು. ಹುಟ್ಟಿದಾಗಿನಿಂದ ಮೂಗುದಾರ ಕಾಣದ ಗೂಳಿ ಅದು.

ಹಗ್ಗ ತಂದವನೊಬ್ಬ ಅದನ್ನು ಕೆಳಗಿಟ್ಟು ಹಿಂದೆ ಸರಿದ. ಯಾರೂ ಮುಟ್ಟಲಿಲ್ಲ. ಕಟ್ಟದಿದ್ದರೆ ಸಾಯುತ್ತದೆ, ಕಟ್ಟಿದರೆ ಅದು ಪಟ್ಟದ ಆವಲ್ಲ. ಮಲ್ಲ ತಾತ ತಲೆಯ ರುಮಾಲು ಬಿಚ್ಚಿದ.

“ಇದು ಹಗ್ಗ ಅಲ್ಲ ಗೌಡ್ರೇ. ನನ್ ತಲೇದು, ಬಟ್ಟೆ,” ಎಂದ.

ಗೌಡರು ಗೋಡೆಯ ಕಡೆ ತಿರುಗಿ ನಿಂತರು. ತಾತ ರುಮಾಲಿನ ಒಂದು ತುದಿ ನನಗೆ ಕೊಟ್ಟ. ಕೊಂಬಿನ ಹಿಂದೆ ಸುತ್ತಿದೆವು. ಸಾಯುತ್ತಿದೆ ಎಂದುಕೊಂಡಿದ್ದ ಆವು ಬಟ್ಟೆ ಬಿಗಿದ ಕೂಡಲೇ ತಲೆ ಕೊಡವಿತು. ಕೊಂಬು ನನ್ನ ಪಕ್ಕೆಯನ್ನು ಸೀಳಿಕೊಂಡು ಹೋಗಿ ಕಂಬಕ್ಕೆ ಬಡಿಯಿತು. ಅದರ ಕಣ್ಣು ನನ್ನ ಕಣ್ಣಿನಿಂದ ಒಂದು ಗೇಣು ದೂರದಲ್ಲಿತ್ತು. ಹನ್ನೊಂದು ದಿನ ಆ ಕಣ್ಣನ್ನು ನೋಡಿ ಬರೆದಿದ್ದೆ, ಅದರಲ್ಲಿ ಹೆದರಿಕೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ತುದಿ ಬಿಡಲಿಲ್ಲ. ಧೈರ್ಯದಿಂದಲ್ಲ, ಬೆರಳುಗಳು ಬಿಚ್ಚಿಕೊಳ್ಳಲಿಲ್ಲ.

ಮೂರು ದಿನ ಹೀಗೆ ಕುಡಿಸಿದೆವು. ನಾಲ್ಕನೆಯ ದಿನ ಅದು ಎದ್ದು ನಿಂತಿತು.

ಐದನೆಯ ದಿನ ಪೆರಿಯಕುಳದಿಂದ ಮುತ್ತಾಚಾರಿಯವರು ಬಂದರು. ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿ ಮುಚ್ಚಿದರು.

“ಏಳು ನೀರು?”

“ತೊಳೆಯಲಿಲ್ಲ ಅಯ್ಯಾ.”

“ಬೇವು?”

“ಬಣ್ಣ ಮಂಕಾಗುತ್ತದೆ ಅಂತ...”

ಡಬ್ಬಿಯನ್ನು ದೂರ ನೆಲಕ್ಕಿಟ್ಟರು. ಆಮೇಲೆ ಹೇಳಿದರು: ಅವರಿಗೊಬ್ಬ ತಮ್ಮನಿದ್ದನಂತೆ, ಕುಂಚವನ್ನು ತುಟಿಯಲ್ಲಿ ಮೊನೆ ಮಾಡುತ್ತಿದ್ದವನು, ಎರಡು ವರ್ಷ ಹೊಟ್ಟೆ ಹಿಡಿದುಕೊಂಡು ಒಣಗಿ ಸತ್ತನಂತೆ. “ಆ ಮಾತು ಬಾಯಿಗೆ ಬಾರದೆ ಬರೀ ಕಟ್ಟಳೆ ಹೇಳಿಕೊಂಡು ಬಂದೆ ತಂಬಿ. ಏಳು ನೀರಿಗೆ ನಂಜು ತಗ್ಗುತ್ತದೆ, ಬೇವಿನ ಕಹಿಗೆ ದನ ಗೋಡೆ ನೆಕ್ಕುವುದಿಲ್ಲ. ಕಾರಣ ಹೇಳಿದ್ದರೆ ನೀನು ಬೇವು ಚೆಲ್ಲುತ್ತಿರಲಿಲ್ಲ.” ಅವರ ಎಡಗೈ ಹೆಬ್ಬೆರಳಿನ ಉಗುರು ಎಂದಿನಂತೆ ಹಳದಿಯಾಗಿತ್ತು.

ನಿಮಗೆ ಇದನ್ನೇ ಹೇಳುವುದು. ಕಲಿಸುವವರು ಕಟ್ಟಳೆ ಹೇಳಿದರೆ ಕಾರಣ ಕೇಳಿ. ಬೈದರೂ ಮತ್ತೆ ಕೇಳಿ.

ಊರಿನ ಕೂಟ ಸೇರಿತು. ರುಮಾಲಾದರೂ ಕಟ್ಟಿದ್ದು ಕಟ್ಟಿದ್ದೇ, ಆ ಆವಿನ ಪಟ್ಟ ಹೋಯಿತು ಎಂದು ತೀರ್ಮಾನವಾಯಿತು. ಅದನ್ನು ಹೇಳುವಾಗ ಗೌಡರು ಮಲ್ಲ ತಾತನ ಮುಖ ನೋಡಲಿಲ್ಲ. ಮಂದೆಯ ಮುಂದೆ ಮತ್ತೆ ಕರ್ಪೂರ ಹಚ್ಚಿ ಕಬ್ಬು ಇಟ್ಟರು. ಹಳೆಯದೂ ಮಂದೆಯಲ್ಲೇ ಇತ್ತು. ಅದೇ ಮೊದಲು ಕಬ್ಬಿನ ಹತ್ತಿರ ಬಂತು. ಮೂಸಿತು. ಮೈ ನಡುಗಿ, ಮುಖ ತಿರುಗಿಸಿ ಹೋಯಿತು. ಸಿಹಿ ಅಂದರೆ ಅದಕ್ಕೆ ಹೆದರಿಕೆ ಕೂತಿತ್ತು. ಹಿಂದಿನಿಂದ ಮಚ್ಚೆಯ ಎಳೆಗೂಳಿಯೊಂದು ಬಂದು ಕಬ್ಬಿಗೆ ಬಾಯಿ ಹಾಕಿತು.

ನನ್ನನ್ನು ಹೊರಹಾಕಲಿಲ್ಲ. ಗೌಡರು ಹೇಳಿದ್ದು ಇಷ್ಟು: “ಅದೇ ಗೋಡೆ, ಅದೇ ಕಬ್ಬು, ತಿರುಗಿ ಬರಿ. ಮಂದೆ ಒಳಗೆ ಬರೋ ಮುಂಚೆ ಮೊದ್ಲು ನೀನು ನೆಕ್ಕು. ಊರು ನೋಡ್ಬೇಕು.”

ಅದು ಆ ಗೋಡೆಗೆ ಕೊಟ್ಟ ಶಿಕ್ಷೆ. ನಾನು ಅದನ್ನು ಎಲ್ಲ ಗೋಡೆಗೂ ಇಟ್ಟುಕೊಂಡೆ. ವೇದಸಂದೂರಿನಲ್ಲಿ ಒಬ್ಬ ಧಣಿ ಮಗುವಿನ ತೊಟ್ಟಿಲಿಗೆ ಹೊಸ ಡಬ್ಬಿಯ ಗಿಳಿಹಸಿರು ಬೇಕೆಂದ, ಅದೂ ಪಾಷಾಣದ್ದೇ. ನೆಕ್ಕಲಾರದ ಬಣ್ಣ ಹಚ್ಚುವುದಿಲ್ಲ ಎಂದೆ. ಹುಚ್ಚನೆಂದು ಕಳಿಸಿದ, ಬೇರೆಯವನನ್ನು ಕರೆಸಿದ. ಆ ಮಗುವಿಗೆ ಏನಾಯಿತೆಂದು ವಿಚಾರಿಸಲು ನನಗೆ ಧೈರ್ಯ ಸಾಲಲಿಲ್ಲ. ಆಮೇಲೆ ಫೋಟೋಗಳು ಬಂದವು, ಅವಕ್ಕೆ ಬಣ್ಣ ತುಂಬುವ ಕೆಲಸ ಬಂತು. ಸಣ್ಣ ಕುಂಚ, ಹುಡುಗರೆಲ್ಲ ತುಟಿಯಲ್ಲೇ ಮೊನೆ ಮಾಡುತ್ತಿದ್ದರು. ಒಬ್ಬನ ಕೈಗೆ ಹೊಡೆದುಬಿಟ್ಟೆ, ಗಿರಾಕಿಯ ಮೂಗಿನ ಮೇಲೆ ಬಣ್ಣ ಚೆಲ್ಲಿತು. ಆ ಫೋಟೋದ ನಷ್ಟ ನನ್ನ ತಲೆಗೇ ಬಂತು. ಆ ಹುಡುಗ ಈಗಲೂ ಬದುಕಿದ್ದಾನೆ, ನನ್ನನ್ನು ಕಂಡರೆ ನಗುತ್ತಾ ಎಡಗೈ ಹೆಬ್ಬೆರಳಿನ ಉಗುರು ತೋರಿಸುತ್ತಾನೆ.

ನಿದ್ದೆಯ ಮಾತು ಬಾಕಿ ಇದೆ. ಆ ಬೆಳಗಿನಿಂದ ನನಗೆ ನಿದ್ದೆ ಇರಲಿಲ್ಲ. ಕಣ್ಣು ಹತ್ತಿದರೆ ಹಲ್ಲು ಕಡಿಯುವ ಸದ್ದು.

ಹೊಸ ಗಾರೆ ಬಲಿತ ಮೇಲೆ ಮತ್ತೆ ಬರೆದೆ. ಡಬ್ಬಿ ಇಲ್ಲ, ಹರಿದಳವೂ ಇಲ್ಲ. ಆಂಡಿಪಟ್ಟಿ ಕಡೆಯಿಂದ ತಂದ ಹಳದಿ ಮಣ್ಣು, ಬೇಲದ ಅಂಟು, ಗಟ್ಟಿಯಾಗಿ ಕುದಿಸಿದ ಬೇವು. ಕಬ್ಬು ಮಂಕಾಗಿ ಬಂತು. ಮಂಕಾಗಿಯೇ ಇರಲಿ ಎಂದು ಬಿಟ್ಟೆ. ಒಣಗಿದ ದಿನ ಊರು ಸೇರಿತು. ಮೊಣಕಾಲೂರಿ ಗೋಡೆಯನ್ನು ನೆಕ್ಕಿದೆ. ಕಹಿ ಕಿವಿಯ ತನಕ ಏರಿತು.

“ಹೆಂಗೈತೆ ಮಾಪ್ಳೆ? ಉಪ್ಪು ತರ್ಲಾ?” ಎಂದಳು ಕೆಂಚತ್ತೆ. ಆ ದಿನಗಳಲ್ಲಿ ಜನ ಮೊದಲ ಸಲ ನಕ್ಕರು.

ಮಂದೆಯನ್ನು ಒಳಗೆ ಬಿಟ್ಟರು. ಹೊಸ ಪಟ್ಟದಾವು ನೇರವಾಗಿ ಗೋಡೆಗೆ ಬಂತು. ತಡೆಯುವ ಹಾಗಿಲ್ಲ. ನನ್ನ ಕೈ ಪಕ್ಕೆಯ ಗಾಯದ ಮೇಲೆ ಹೋಯಿತು. ಅದು ಮೂಸಿತು. ನಾಲಗೆ ಚಾಚಿ ಕಬ್ಬನ್ನು ಒಮ್ಮೆ, ಉದ್ದಕ್ಕೆ, ನೆಕ್ಕಿತು. ನಿಂತಿತು. ಮೇಲ್ದುಟಿ ಮಡಚಿ, ಮೂಗು ಸೊಟ್ಟ ಮಾಡಿ, ಸೀನಿ, ನನ್ನ ಚಿತ್ರಕ್ಕೆ ಬೆನ್ನು ತಿರುಗಿಸಿ ಹುಲ್ಲಿನ ಕಡೆ ನಡೆಯಿತು.

ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಸನ್ಮಾನ ಮತ್ತೆ ಸಿಗಲಿಲ್ಲ. ಅತ್ತೆಯ ಜಗಲಿಗೆ ಬಂದು, ಕೈ ಸಹ ತೊಳೆಯದೆ, ಬಾಯಿಯಲ್ಲಿ ಬೇವಿನ ಕಹಿ ಹಾಗೇ ಇರುವಾಗ ಮಲಗಿದೆ. ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು. ಗಡಿಯಾರ ತೆಗೆದು ನೋಡಿದೆ. ಕೀಲಿ ಕೊಡುವುದನ್ನು ಮರೆತಿದ್ದೆ. ಅದು ಯಾವಾಗಲೋ ನಿಂತುಹೋಗಿತ್ತು.